ಭೂಗರ್ಭದ ಪಾಷಾಣವೂ ಸರಕಾರದ ಹೊಣೆಯೂ

ಪಾಷಾಣವೆಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಪಾಷಾಣವೆಂದರೆ ಕಲ್ಲು, ಪಾಷಾಣವೆಂದರೆ ವಿಷ. ಆಯುರ್ವೇದ ಪಂಡಿತರು ಬಲ್ಲ ಶಂಖಪಾಷಾಣ, ಹರಿದಳ, ಮಣಿಶಿಲೆಗಳೆಲ್ಲವೂ ಆರ್ಸೆನಿಕ್ ಎಂಬ ಒಂದೇ ಮೂಲವಸ್ತುವಿನ ರೂಪಾಂತರಗಳಾಗಿದ್ದು, ಕಲ್ಲಿನ ಒಡಲಿನಿಂದಲೇ ಹುಟ್ಟಿದವುಗಳಾಗಿವೆ. ನಮ್ಮ ಹಿರಿಯರು ಕಲ್ಲಿಗೂ ವಿಷಕ್ಕೂ ಒಂದೇ ಹೆಸರನ್ನು ಏಕೆ ಇಟ್ಟರೋ ಎಂದು ಯೋಚಿಸುವವರಿಗೆ ಬಂಗಾಲದ ಕೊಳವೆ ಬಾವಿಗಳ ವೃತ್ತಾಂತವು ಸಾಕಾದಷ್ಟು ಉತ್ತರವನ್ನು ಕೊಡುತ್ತದೆ. ಅಲ್ಲಿ ಯಾವ ಕಾರ್ಖಾನೆಯೂ ನೀರನ್ನು ಕೆಡಿಸಲಿಲ್ಲ. ಯಾವ ವೈರಿಯೂ ಬಾವಿಗೆ ವಿಷವನ್ನು ಬೆರೆಸಲಿಲ್ಲ. ನೆಲದಲ್ಲಿದ್ದ ಪಾಷಾಣವು ನೀರಿನಲ್ಲಿ ಕರಗಿ, ಧರ್ಮಾರ್ಥವಾಗಿ ಕೊರೆಯಿಸಿದ ಬಾವಿಗಳ ಮೂಲಕ ಕೋಟ್ಯಂತರ ಜನರ ದೇಹವನ್ನು ಸೇರಿತು. ಈ ಸಂಗತಿಯನ್ನು ವಾಚಕರ ಮುಂದಿಡುವುದರಲ್ಲಿ ನಮಗೊಂದು ಉದ್ದೇಶವುಂಟು. ಪ್ರಕೃತಿಯಿಂದ ಬಂದ ಕೇಡಿಗೆ ಯಾರೂ ಹೊಣೆಗಾರರಲ್ಲವೆಂಬ ಮಾತು ಅಧಿಕಾರಿವರ್ಗದಲ್ಲಿಯೂ ವಿದ್ಯಾವಂತರಲ್ಲಿಯೂ ಆಗಾಗ್ಗೆ ಕೇಳಿಬರುತ್ತಿದೆ. ಈ ಮಾತು ನ್ಯಾಯವಲ್ಲವೆಂದು ತೋರಿಸುವುದೇ ಇಂದಿನ ನಮ್ಮ ಲೇಖನದ ಗುರಿ.

ಗಂಗಾ, ಬ್ರಹ್ಮಪುತ್ರಾ, ಮೇಘನಾ ನದಿಗಳು ತಂದು ಹಾಸಿದ ಮೆಕ್ಕಲು ಭೂಮಿಯಲ್ಲಿ ಜನರು ಹಿಂದಿನಿಂದಲೂ ಕೆರೆ ಕುಂಟೆಗಳ ನೀರನ್ನು ಕುಡಿಯುತ್ತಿದ್ದರು. ಆ ನೀರಿನಿಂದ ವಾಂತಿಭೇದಿಯೂ ಆಮಶಂಕೆಯೂ ಹರಡಿ ವರ್ಷ ವರ್ಷವೂ ಅಸಂಖ್ಯಾತ ಶಿಶುಗಳು ಸಾಯುತ್ತಿದ್ದುವು. ಇದನ್ನು ತಪ್ಪಿಸುವುದಕ್ಕಾಗಿ ೧೯೭೦ರ ದಶಕದಿಂದ ಬಾಂಗ್ಲಾದೇಶದ ಸರಕಾರದವರೂ ವಿಶ್ವಸಂಸ್ಥೆಯ ಮಕ್ಕಳ ನಿಧಿಯವರೂ ಊರೂರಿಗೆ ಕೈಪಂಪಿನ ಕೊಳವೆ ಬಾವಿಗಳನ್ನು ಹಾಕಿಸಿದರು. ಅದನ್ನು ನೋಡಿ ಗೃಹಸ್ಥರೂ ತಮ್ಮ ತಮ್ಮ ಅಂಗಳಗಳಲ್ಲಿ ಸ್ವಂತ ಖರ್ಚಿನಿಂದ ಕೊಳವೆಗಳನ್ನು ಇಳಿಸಿಕೊಂಡರು. ಬಾವಿ ತೋಡಿಸುವುದೂ ಕೆರೆ ಕಟ್ಟಿಸುವುದೂ ಪೂರ್ತಧರ್ಮವೆಂದು ನಂಬಿದ ನಾಡಿನಲ್ಲಿ ಇಂಥ ಕಾರ್ಯವನ್ನು ಆಕ್ಷೇಪಿಸುವವರಾರು? ಉದ್ದೇಶವು ನಿರ್ಮಲವಾಗಿತ್ತು, ಮೇಲೆ ಬಂದ ನೀರೂ ಕಣ್ಣಿಗೆ ನಿರ್ಮಲವಾಗಿಯೇ ಇತ್ತು. ಆದರೆ ಆ ನೀರಿನಲ್ಲಿ ಪಾಷಾಣವಿದೆಯೇ ಎಂದು ಪರೀಕ್ಷಿಸಿ ನೋಡಬೇಕೆಂಬ ಯೋಚನೆ ಮಾತ್ರ ಯಾರಿಗೂ ಹೊಳೆಯಲಿಲ್ಲ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿದ ದಿನವೇ ಅದು ಕೊಲ್ಲುವುದಿಲ್ಲ. ಹತ್ತಾರು ವರ್ಷಗಳ ಕಾಲ ಮೈಯಲ್ಲಿ ಅಡಗಿದ್ದು ಆಮೇಲೆ ತನ್ನ ಗುಣವನ್ನು ತೋರಿಸುತ್ತದೆ.

೧೯೮೩ರಲ್ಲಿ ಕಲಕತ್ತೆಯ ಉಷ್ಣವಲಯ ವೈದ್ಯಶಾಲೆಯ ಚರ್ಮರೋಗ ತಜ್ಞರಾದ ಡಾಕ್ಟರ್ ಕೆ. ಸಿ. ಸಾಹಾರವರು ಹಳ್ಳಿಗಳಿಂದ ಬಂದ ಕೆಲವು ರೋಗಿಗಳ ಮೈಮೇಲಿನ ಕಪ್ಪು ಚುಕ್ಕೆಗಳನ್ನೂ ಗಂಟುಕಟ್ಟಿದ ಅಂಗೈ ಅಂಗಾಲುಗಳನ್ನೂ ನೋಡಿ, ಇದು ಪಾಷಾಣದ ಲಕ್ಷಣವೆಂದು ಗುರುತಿಸಿದರು. ಅನಂತರ ಯಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರು ತಮ್ಮ ಸಂಗಡಿಗರೊಡನೆ ಪಶ್ಚಿಮ ಬಂಗಾಲದ ಹಳ್ಳಿಹಳ್ಳಿಗಳನ್ನು ಸುತ್ತಿ ನೀರಿನ ಮಾದರಿಗಳನ್ನು ಸಂಗ್ರಹಿಸಿದರು. ಇಪ್ಪತ್ತು ವರ್ಷಗಳ ಆ ಶ್ರಮದ ಫಲವು ೨೦೦೯ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ೧,೪೦,೧೫೦ ಮಾದರಿಗಳಲ್ಲಿ ನೂರಕ್ಕೆ ೪೮ರಷ್ಟು ಲೀಟರಿಗೆ ೧೦ ಮೈಕ್ರೋಗ್ರಾಮಿನ ಮಿತಿಯನ್ನು ಮೀರಿದ್ದುವು. ನೂರಕ್ಕೆ ೨೪ರಷ್ಟು ೫೦ನ್ನೂ ಮೀರಿದ್ದುವು. ಹತ್ತು ಮೈಕ್ರೋಗ್ರಾಮೆಂಬುದು ವಿಶ್ವ ಆರೋಗ್ಯ ಸಂಸ್ಥೆಯವರು ೧೯೯೩ರಲ್ಲಿ ವಿಧಿಸಿದ ಮಿತಿ. ಒಂದೇ ಒಂದು ಗ್ರಾಂ ಪಾಷಾಣವು ಒಂದು ಲಕ್ಷ ಲೀಟರ್ ನೀರನ್ನು ಈ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲುದೆಂದರೆ ಅದರ ತೀಕ್ಷ್ಣತೆಯನ್ನು ವಾಚಕರೇ ಊಹಿಸಬಹುದು.

ಗಡಿಯಾಚೆಯ ಬಾಂಗ್ಲಾದೇಶದಲ್ಲಿ ೧೯೯೩ರಲ್ಲಿ ಮೊದಲು ಈ ದೋಷವು ಪತ್ತೆಯಾಯಿತು. ೨೦೦೧ರಲ್ಲಿ ಮುಗಿದ ರಾಷ್ಟ್ರೀಯ ಸರ್ವೇಕ್ಷಣೆಯಲ್ಲಿ ೩,೫೩೪ ಬಾವಿಗಳ ನೀರನ್ನು ಪರೀಕ್ಷಿಸಲಾಯಿತು. ೧೫೦ ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ ನೂರಕ್ಕೆ ೨೭ರಷ್ಟು ಆ ದೇಶದ ೫೦ ಮೈಕ್ರೋಗ್ರಾಮಿನ ಮಿತಿಯನ್ನೇ ದಾಟಿದ್ದುವು. ಸುಮಾರು ೩ ಕೋಟಿ ೫೦ ಲಕ್ಷ ಜನರು ಅಂಥ ನೀರನ್ನು ಕುಡಿಯುತ್ತಿದ್ದರೆಂದೂ, ೧೦ ಮೈಕ್ರೋಗ್ರಾಮಿನ ಮಿತಿಯನ್ನು ಹಿಡಿದರೆ ಆ ಸಂಖ್ಯೆ ೫ ಕೋಟಿ ೭೦ ಲಕ್ಷವೆಂದೂ ಲೆಕ್ಕ ಹಾಕಿದರು. ಒಂದು ಜನಸಮುದಾಯಕ್ಕೆ ವಿಷವುಂಟಾದ ಪ್ರಸಂಗಗಳಲ್ಲಿ ಚರಿತ್ರೆಯಲ್ಲಿಯೇ ಇದು ಅತಿ ದೊಡ್ಡದೆಂದು ಅಲನ್ ಸ್ಮಿತ್ ಮೊದಲಾದ ತಜ್ಞರು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ೨೦೦೦ದಲ್ಲಿ ಬರೆದರು. ಯುದ್ಧದಿಂದಲ್ಲ, ದುರಾಶೆಯಿಂದಲ್ಲ, ಉಪಕಾರಬುದ್ಧಿಯಿಂದ ಇಷ್ಟಾಯಿತೆಂಬುದೇ ಇಲ್ಲಿ ಮನಸ್ಸನ್ನು ಕಲಕುವ ಸಂಗತಿ.

ಇಷ್ಟು ವಿಷವು ಎಲ್ಲಿಂದ ಬಂದಿತು? ಮೊದಮೊದಲು ಕೆಲವರು ಹೊಲಗಳಿಗೆ ಸಿಂಪಡಿಸಿದ ಕೀಟನಾಶಕಗಳನ್ನು ಸಂಶಯಿಸಿದರು. ಮತ್ತೆ ಕೆಲವರು ವಿದ್ಯುಚ್ಛಕ್ತಿಯ ಮರದ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಬಳಿದ ಮದ್ದನ್ನು ದೂರಿದರು. ಆದರೆ ಸಾವಿರಾರು ಚದರ ಮೈಲಿಗಳ ನೆಲದಲ್ಲೆಲ್ಲಾ ವ್ಯಾಪಿಸಿದ ದೋಷಕ್ಕೆ ಇಂಥ ಕಾರಣಗಳು ಸಾಲವು. ವಿಜ್ಞಾನಿಗಳು ಕಂಡುಕೊಂಡ ವಿಷಯವು ಹೀಗಿದೆ. ಹಿಮಾಲಯದ ಬಂಡೆಗಳಲ್ಲಿ ಪಾಷಾಣದ ಅಂಶವು ಅತ್ಯಲ್ಪವಾಗಿ ಬೆರೆತಿದೆ. ಮಳೆ, ಗಾಳಿ, ಹಿಮಗಳಿಂದ ಆ ಬಂಡೆಗಳು ಸವೆದು ಮರಳಾಗಿ ಮಣ್ಣಾಗಿ ನದಿಗಳಲ್ಲಿ ಹರಿದು ಬರುವಾಗ, ಬಿಡುಗಡೆಯಾದ ಪಾಷಾಣವು ಮರಳಿನ ಕಣಗಳ ಮೇಲಿರುವ ಕಬ್ಬಿಣದ ತುಕ್ಕಿಗೆ ಅಂಟಿಕೊಳ್ಳುತ್ತದೆ. ತುಕ್ಕು ತುಕ್ಕಾಗಿಯೇ ಇರುವವರೆಗೆ ಭಯವಿಲ್ಲ. ಪಾಷಾಣವು ಅದರ ಸೆರೆಯಲ್ಲಿರುತ್ತದೆ. ಆದರೆ ಕಳೆದ ಹತ್ತು ಹನ್ನೆರಡು ಸಾವಿರ ವರ್ಷಗಳಲ್ಲಿ ಬಂಗಾಲದ ತಗ್ಗಿನಲ್ಲಿ ಮರಳಿನೊಡನೆ ಗಿಡಮರಗಳ ಕೊಳೆತ ರಾಶಿಯೂ ಹೂತುಹೋಯಿತು. ಆ ಕೊಳೆತ ವಸ್ತುವನ್ನು ತಿಂದು ಬದುಕುವ ಸೂಕ್ಷ್ಮ ಜೀವಿಗಳು ನೀರಿನಲ್ಲಿರುವ ಪ್ರಾಣವಾಯುವನ್ನು ಮುಗಿಸಿ, ಬಳಿಕ ಉಸಿರಾಟಕ್ಕಾಗಿ ಆ ತುಕ್ಕನ್ನೇ ಬಳಸತೊಡಗುತ್ತವೆ. ತುಕ್ಕು ಕರಗುತ್ತದೆ, ಅದರೊಡನೆ ಸೆರೆಯಲ್ಲಿದ್ದ ಪಾಷಾಣವೂ ಬಿಡುಗಡೆ ಹೊಂದಿ ನೀರಿನಲ್ಲಿ ಸೇರುತ್ತದೆ. ೧೯೯೮ರಲ್ಲಿ ನಿಕ್ಸನ್, ಮೆಕಾರ್ಥರ್ ಮೊದಲಾದವರು ಈ ವಿವರಣೆಯನ್ನು ಮುಂದಿಟ್ಟರು. ಸೂಕ್ಷ್ಮ ಜೀವಿಗಳ ಪಾತ್ರವನ್ನು ೨೦೦೪ರಲ್ಲಿ ಪ್ರಯೋಗಗಳು ದೃಢಪಡಿಸಿದವು.

ಈ ಕ್ರಮವನ್ನು ತಿಳಿದರೆ ಹಲವು ಒಗಟುಗಳು ಬಿಡಿಸಿಕೊಳ್ಳುತ್ತವೆ. ಗಾಳಿಯ ಸಂಪರ್ಕವುಳ್ಳ ತೆರೆದ ಬಾವಿಗಳಲ್ಲಿ ತುಕ್ಕು ಕರಗದಿರುವುದರಿಂದ ಪಾಷಾಣವು ಸಾಮಾನ್ಯವಾಗಿ ಕಡಿಮೆ; ಅಲ್ಲಿ ಅಂಜಬೇಕಾದುದು ರೋಗಾಣುಗಳಿಗೆ. ಬಹಳ ಆಳದಲ್ಲಿರುವ ಹಳೆಯ ಮರಳಿನ ಪದರಗಳಲ್ಲಿ ಪಾಷಾಣವು ಬಹುಮಟ್ಟಿಗೆ ಕಟ್ಟಿಬಿದ್ದಿರುವುದರಿಂದ ಅಲ್ಲಿಯ ನೀರು ಪ್ರಾಯಶಃ ಕ್ಷೇಮಕರ. ಕೇಡೆಲ್ಲವೂ ನಡುವಣ ಪದರದಲ್ಲಿ. ಸುಲಭವಾಗಿ ಅಗ್ಗವಾಗಿ ಕೊಳವೆ ಇಳಿಸಬಹುದಾದ ಆಳವೇ ಅದು. ಮತ್ತೂ ಒಂದು ವಿಶೇಷವುಂಟು. ಒಂದು ಮನೆಯ ಬಾವಿ ವಿಷಮಯವಾಗಿದ್ದರೆ ಕೂಗಳತೆಯಲ್ಲಿರುವ ನೆರೆಮನೆಯ ಬಾವಿ ನಿರ್ದೋಷವಾಗಿರಬಹುದು. ಆದಕಾರಣ ಜಿಲ್ಲೆಗೆ ಹತ್ತು ಬಾವಿಗಳನ್ನು ನೋಡಿ ಜಿಲ್ಲೆಯೆಲ್ಲಕ್ಕೂ ಯೋಗ್ಯತಾಪತ್ರವನ್ನು ಬರೆದುಕೊಡುವುದು ಮೋಸವಲ್ಲದೆ ಬೇರೇನೂ ಅಲ್ಲ. ಪ್ರತಿಯೊಂದು ಬಾವಿಯನ್ನೂ ಪರೀಕ್ಷಿಸಬೇಕು, ಬೇರೆ ದಾರಿಯಿಲ್ಲ.

ಈ ವಿಷದಿಂದಾಗುವ ಸಂಕಟವು ಶರೀರಕ್ಕೆ ಮಾತ್ರ ಸೀಮಿತವಾದುದಲ್ಲ. ಎದೆಯ ಮೇಲೆ ಮಳೆಯ ಹನಿಗಳಂತೆ ಕಲೆಗಳು ಮೂಡುತ್ತವೆ. ಅಂಗೈ ಅಂಗಾಲುಗಳು ಬಿರುಸಾಗಿ ಕೆಲಸಕ್ಕೆ ಬಾರದಂತಾಗುತ್ತವೆ. ಕಡೆಗೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳಲ್ಲಿ ಅರ್ಬುದ ರೋಗವು ತಲೆದೋರುತ್ತದೆ. ನೆರೆಹೊರೆಯವರು ಇದನ್ನು ಕುಷ್ಠವೆಂದು ಭ್ರಮಿಸಿ ದೂರ ಸರಿಯುತ್ತಾರೆ. ಕನ್ಯೆಯರಿಗೆ ಸಂಬಂಧಗಳು ಕೂಡಿಬರದೆ, ವಿವಾಹಿತೆಯರು ತವರಿಗೆ ಅಟ್ಟಲ್ಪಟ್ಟ ಕಥೆಗಳು ಬಂಗಾಲದ ಎರಡೂ ಭಾಗಗಳಲ್ಲಿ ವಿಪುಲವಾಗಿವೆ. ತಾನು ಮಾಡದ ತಪ್ಪಿಗೆ, ನೆಲ ಮಾಡಿದ ತಪ್ಪಿಗೆ, ಒಬ್ಬ ಬಡವಿ ಬಹಿಷ್ಕೃತಳಾಗುವುದು ಯಾವ ನ್ಯಾಯ?

ಇಲ್ಲಿಯೇ ಹೊಣೆಯ ಪ್ರಶ್ನೆ ಏಳುತ್ತದೆ. ೧೯೯೨ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯವರು ಬಾಂಗ್ಲಾದೇಶದ ಕೆಲವು ಭಾಗಗಳ ಬಾವಿಗಳ ನೀರಿನಲ್ಲಿ ಹಲವು ಮೂಲವಸ್ತುಗಳನ್ನು ಪರೀಕ್ಷಿಸಿ ವರದಿಯನ್ನು ಬರೆದರು. ಪಾಷಾಣವನ್ನು ಮಾತ್ರ ಪರೀಕ್ಷಿಸಲಿಲ್ಲ. ಮುಂದೆ ವ್ಯಾಧಿಗೆ ತುತ್ತಾದ ಬಾಂಗ್ಲಾದೇಶದ ಒಬ್ಬ ಗ್ರಾಮಸ್ಥನು ಇಂಗ್ಲೆಂಡಿನ ನ್ಯಾಯಾಲಯದಲ್ಲಿ ದಾವೆ ಹೂಡಿದನು. ಆ ನೀರಿನ ಸರಬರಾಜಿನ ಮೇಲೆ ಸಂಸ್ಥೆಗೆ ಯಾವ ಅಧಿಕಾರವೂ ಇಲ್ಲದಿದ್ದುದರಿಂದ ಅವನ ವಿಷಯದಲ್ಲಿ ಅದಕ್ಕೆ ಕರ್ತವ್ಯಭಾರವಿರಲಿಲ್ಲವೆಂದು ೨೦೦೬ರಲ್ಲಿ ಅಲ್ಲಿಯ ಲಾರ್ಡ್ಸ್ ಸಭೆಯ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ಕಾಯಿದೆಯ ದೃಷ್ಟಿಯಿಂದ ಆ ತೀರ್ಪು ಸರಿಯೇ ಇರಬಹುದು. ಅದರ ವಿಮರ್ಶೆ ನಮ್ಮ ಕೆಲಸವಲ್ಲ. ಆದರೆ ಆ ತೀರ್ಪಿನಿಂದಲೇ ಹೊರಡುವ ಇನ್ನೊಂದು ಪ್ರಶ್ನೆಯನ್ನು ನಾವು ಕೇಳದಿರಲಾರೆವು. ಸರಬರಾಜಿನ ಮೇಲೆ ಅಧಿಕಾರವಿಲ್ಲದವರು ಹೊಣೆಗಾರರಲ್ಲವೆಂದಾದರೆ, ಅಧಿಕಾರವುಳ್ಳವರು ಹೊಣೆಗಾರರೆಂದು ಆಗಲೇಬೇಕಷ್ಟೆ? ಜನರಿಂದ ಕಂದಾಯ ಪಡೆದು, ಬಾವಿಗೆ ಸ್ಥಳ ಗೊತ್ತುಮಾಡಿ, ಕೊಳವೆ ಇಳಿಸಿ, ಕುಡಿಯಿರೆಂದು ಹೇಳುವವರು ಆ ನೀರಿನಲ್ಲಿ ಏನಿದೆಯೆಂದು ತಿಳಿದಿರುವುದು ಕರ್ತವ್ಯವೋ ಅಲ್ಲವೋ?

ಕಾರ್ಖಾನೆಯ ಕಶ್ಮಲವನ್ನು ನದಿಗೆ ಬಿಡುವವರನ್ನು ತಡೆಯಲು ನಮ್ಮ ದೇಶದಲ್ಲಿ ೧೯೭೪ರ ಕಾಯಿದೆಯಿದೆ. ಬಂಡೆಯ ಮೇಲೆ ಫಿರ್ಯಾದು ಮಾಡಲು ಯಾವ ಕಾಯಿದೆಯೂ ಇಲ್ಲ; ಇರಲೂ ಸಾಧ್ಯವಿಲ್ಲ. ಇದನ್ನೇ ನೆಪವಾಗಿ ಹಿಡಿದು, ದೈವಕೃತವಾದುದಕ್ಕೆ ಮನುಷ್ಯನು ಏನು ಮಾಡಿಯಾನು ಎಂದು ಕೈಚೆಲ್ಲುವವರಿಗೆ ನಮ್ಮ ಉತ್ತರವಿಷ್ಟೆ. ಪ್ರವಾಹವೂ ದೈವಕೃತ, ಕ್ಷಾಮವೂ ದೈವಕೃತ. ಆದರೂ ಪ್ರವಾಹಕ್ಕೆ ಒಡ್ಡು ಕಟ್ಟದ, ಕ್ಷಾಮದಲ್ಲಿ ಗಂಜಿಕೇಂದ್ರ ತೆರೆಯದ ಸರಕಾರವನ್ನು ನಾವು ಸರಕಾರವೆನ್ನುವುದಿಲ್ಲ. ಮೇಲಾಗಿ, ಪಾಷಾಣವು ಸಾವಿರಾರು ವರ್ಷಗಳಿಂದ ನೆಲದಡಿಯಲ್ಲಿ ಯಾರ ಗೊಡವೆಗೂ ಹೋಗದೆ ಬಿದ್ದಿತ್ತು. ಪಾಷಾಣವು ಪ್ರಕೃತಿಯದಾದರೂ ಕೊಳವೆ ಮನುಷ್ಯನದು. ಪ್ರಕೃತಿಯ ಪಾಲನ್ನು ತೋರಿಸಿ ಮನುಷ್ಯನ ಪಾಲನ್ನು ಮರೆಮಾಡುವುದು ವಿಜ್ಞಾನವೂ ಅಲ್ಲ, ಧರ್ಮವೂ ಅಲ್ಲ.

ಪರಿಹಾರವು ಅಸಾಧ್ಯವೆಂದು ಹೇಳುವಂತೆಯೂ ಇಲ್ಲ. ಈ ಶತಮಾನದ ಆದಿಯಲ್ಲಿ ಬಾಂಗ್ಲಾದೇಶದಲ್ಲಿ ಸುಮಾರು ೫೦ ಲಕ್ಷ ಬಾವಿಗಳನ್ನು ಪರೀಕ್ಷಿಸಿ, ದೋಷವುಳ್ಳ ಪಂಪಿಗೆ ಕೆಂಪು ಬಣ್ಣವನ್ನೂ ನಿರ್ದೋಷವಾದುದಕ್ಕೆ ಹಸುರು ಬಣ್ಣವನ್ನೂ ಬಳಿದರು. ಅಕ್ಷರ ಬಾರದ ಮುದುಕಿಯೂ ಆ ಬಣ್ಣವನ್ನು ನೋಡಿ ಕೊಡವನ್ನು ಬೇರೆ ಬಾವಿಗೆ ಒಯ್ಯುವಂತಾಯಿತು. ಆದರೆ ಬಣ್ಣ ಮಾಸಿತು, ಹೊಸ ಬಾವಿಗಳು ಹುಟ್ಟಿದವು, ಪರೀಕ್ಷೆ ಹಿಂದೆ ಬಿತ್ತು. ಕಬ್ಬಿಣಕ್ಕೆ ಪಾಷಾಣವನ್ನು ಹಿಡಿದಿಡುವ ಗುಣವಿರುವುದನ್ನೇ ಉಪಯೋಗಿಸಿ ಶೋಧಕಗಳನ್ನೂ ನಿರ್ಮಿಸಿದ್ದಾರೆ. ಅಂಥ ಒಂದು ಅಗ್ಗದ ಮನೆಶೋಧಕಕ್ಕಾಗಿ ಅಬುಲ್ ಹುಸ್ಸಾಮರಿಗೆ ೨೦೦೭ರಲ್ಲಿ ಅಮೇರಿಕೆಯ ಗ್ರೇಂಜರ್ ಪಾರಿತೋಷಕವು ದೊರೆಯಿತು. ಪಶ್ಚಿಮ ಬಂಗಾಲದಲ್ಲಿ ಸರಕಾರದ ವೆಚ್ಚದಿಂದ ನಿಲ್ಲಿಸಿದ ಶೋಧಕ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳು ನೋಡಿಕೊಳ್ಳುವವರಿಲ್ಲದೆ ಹಾಳು ಬಿದ್ದುದೂ ಉಂಟು. ಯಂತ್ರವನ್ನು ಉದ್ಘಾಟಿಸುವುದಕ್ಕೆ ಮಂತ್ರಿಗಳು ಬರುತ್ತಾರೆ. ಅದರ ಮರಳನ್ನು ಬದಲಾಯಿಸುವುದಕ್ಕೆ ಯಾರೂ ಬರುವುದಿಲ್ಲ.

ಆಳವಾದ ಬಾವಿಗಳ ಹಂಚಿಕೆಯ ಕಥೆ ಇದಕ್ಕಿಂತಲೂ ಶೋಚನೀಯ. ಸರಕಾರವು ಬಡವರಿಗೆಂದು ಕೊರೆಯಿಸಿದ ಆಳದ ಬಾವಿಗಳು ಪ್ರಭಾವಶಾಲಿಗಳ ಹಿತ್ತಿಲು ಸೇರಿದುವೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯವರು ೨೦೧೬ರ ತಮ್ಮ ವರದಿಯಲ್ಲಿ ಬಾಂಗ್ಲಾದೇಶದ ವಿಷಯವಾಗಿ ಆಪಾದಿಸಿದ್ದಾರೆ. ನೆಲದಡಿಯ ನೀರಿನಲ್ಲಿ ಇದ್ದ ವಿಷವು ಪ್ರಕೃತಿಯದಿರಬಹುದು. ಅಮೃತವನ್ನು ಹಂಚುವಾಗ ಪಂಕ್ತಿಭೇದ ಮಾಡಿದ್ದನ್ನೂ ಪ್ರಕೃತಿಯ ತಲೆಗೆ ಕಟ್ಟಲಾದೀತೇ?

ವಿಳಂಬಕ್ಕೆ ತೆರಬೇಕಾದ ಬೆಲೆಯನ್ನು ತಿಳಿಯಬೇಕಾದರೆ ದಕ್ಷಿಣ ಅಮೇರಿಕೆಯ ಚಿಲಿ ದೇಶದ ಆಂತೊಫಗಾಸ್ತಾ ನಗರವನ್ನು ನೋಡಬೇಕು. ಮಳೆಯೇ ಇಲ್ಲದ ಆ ನಗರಕ್ಕೆ ೧೯೫೮ರಲ್ಲಿ ಆಂಡೀಸ್ ಪರ್ವತಗಳ ಹೊಳೆಯೊಂದರಿಂದ ನೀರನ್ನು ತಂದರು. ಜ್ವಾಲಾಮುಖಿಗಳ ಸೀಮೆಯಿಂದ ಹರಿದು ಬಂದ ಆ ನೀರಿನಲ್ಲಿ ಲೀಟರಿಗೆ ೮೦೦ ಮೈಕ್ರೋಗ್ರಾಮಿಗೂ ಹೆಚ್ಚು ಪಾಷಾಣವಿತ್ತು. ೧೯೭೦ರಲ್ಲಿ ಶುದ್ಧೀಕರಣದ ಸ್ಥಾವರವನ್ನು ನಿಲ್ಲಿಸಿದ ಕೂಡಲೇ ವಿಷದ ಪ್ರಮಾಣವು ತಗ್ಗಿತು. ಆದರೆ ಶ್ವಾಸಕೋಶ ಮತ್ತು ಮೂತ್ರಕೋಶದ ಅರ್ಬುದಗಳಿಂದಾಗುವ ಮರಣಗಳು ಎರಡು ದಶಕಗಳ ತರುವಾಯವೂ ಅಲ್ಲಿ ಅಧಿಕವಾಗಿಯೇ ಇದ್ದುವು. ನೀರನ್ನು ಹನ್ನೆರಡು ವರ್ಷ ಕುಡಿದರು. ಸಾಲವನ್ನು ಒಂದು ತಲೆಮಾರು ತೀರಿಸಿದರು. ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇಂಥ ಪ್ರಸಂಗಗಳಿಗೇ ಒಪ್ಪುತ್ತದೆ.

ಬಂಗಾಲದ ಮಾತಾಯಿತು, ನಮಗೇನು ಎಂದು ವಾಚಕರಲ್ಲಿ ಯಾರಾದರೂ ಕೇಳಬಹುದು. ಕರ್ನಾಟಕದ ನೆಲ ಮೆಕ್ಕಲಲ್ಲ, ಹಳೆಯ ಬಂಡೆಯೆಂಬುದು ನಿಜ. ಆದರೆ ಬಂಡೆಯ ನಾಡಿಗೂ ಅದರದೇ ಆದ ಪಾಷಾಣವುಂಟು. ನಮ್ಮಲ್ಲಿ ಚಿನ್ನವು ದೊರೆಯುವ ಶಿಲಾಪಟ್ಟಿಗಳಲ್ಲಿ ಚಿನ್ನದ ಸಂಗಡವೇ ಗಂಧಕ, ಕಬ್ಬಿಣ, ಪಾಷಾಣಗಳು ಕೂಡಿದ ಖನಿಜವೂ ಇರುವುದುಂಟು. ಯಾದಗಿರಿ ಜಿಲ್ಲೆಯ ಸುರಪುರದ ಸೀಮೆಯಲ್ಲಿ ಮಂಗಳೂರು ಎಂಬ ಗ್ರಾಮದ ಹೆಸರಿನ ಶಿಲಾಪಟ್ಟಿಯೊಂದಿದೆ. ಇದು ಕರಾವಳಿಯ ಮಂಗಳೂರಲ್ಲ. ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಈ ಪ್ರದೇಶದ ೫೯ ಕೊಳವೆ ಬಾವಿಗಳ ನೀರನ್ನು ಚಕ್ರವರ್ತಿಯವರೂ ಸಂಗಡಿಗರೂ ಪರೀಕ್ಷಿಸಿ, ೨೦೧೩ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ನೂರಕ್ಕೆ ೭೯ರಷ್ಟು ೧೦ ಮೈಕ್ರೋಗ್ರಾಮಿನ ಮಿತಿಯನ್ನು ಮೀರಿದ್ದುವು. ಅತ್ಯಧಿಕವಾದುದು ೩೦೩ ಮೈಕ್ರೋಗ್ರಾಂ. ಪರೀಕ್ಷೆಗೊಳಪಟ್ಟ ೧೮೧ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ವಿಷದ ಕುರುಹುಗಳಿದ್ದುವು. ಇಲ್ಲಿ ಬಂಡೆಯ ಗುಣದೊಡನೆ ಗಣಿಯಿಂದ ಹೊರಹಾಕಿದ ತ್ಯಾಜ್ಯದ ಪ್ರಭಾವವೂ ಸೇರಿರಬಹುದೆಂದು ಆ ವಿದ್ವಾಂಸರು ಸೂಚಿಸಿದ್ದಾರೆ. ಹಾಗಾದರೆ ಹೊಣೆ ಇಮ್ಮಡಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಕಗ್ಗಲ್ಲಿನಿಂದ ಬರುವ ಫ್ಲೋರೈಡಿನಿಂದ ಪಾವಗಡ, ಮುಂಡರಗಿಗಳ ಸೀಮೆಯಲ್ಲಿ ಮಕ್ಕಳ ಹಲ್ಲು ಕಂದುಗಟ್ಟುವುದನ್ನೂ, ದೊಡ್ಡವರ ಮೂಳೆ ಬಾಗುವುದನ್ನೂ ನಮ್ಮ ವಾಚಕರು ಬಲ್ಲರು. ಅದೂ ಪ್ರಕೃತಿಯ ಕೊಡುಗೆಯೇ. ಅದನ್ನೂ ಕೊಳವೆ ಬಾವಿಯ ಮೂಲಕವೇ ನಾವು ಮೇಲಕ್ಕೆ ತಂದೆವು.

ಆದುದರಿಂದ ಸರಕಾರದವರ ಮುಂದೆ ನಾವು ಕೆಲವು ಬಿನ್ನಹಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಸಾರ್ವಜನಿಕರ ಹಣದಿಂದ ಕೊರೆಯುವ ಯಾವ ಬಾವಿಯನ್ನೂ ಪಾಷಾಣ ಮತ್ತು ಫ್ಲೋರೈಡುಗಳ ಪರೀಕ್ಷೆಯಾಗದೆ ಜನರ ಬಳಕೆಗೆ ಬಿಡಕೂಡದು. ಎರಡನೆಯದಾಗಿ, ಪರೀಕ್ಷೆಯ ಫಲವನ್ನು ಕಚೇರಿಯ ಕಡತದಲ್ಲಿ ಬಚ್ಚಿಡದೆ, ಬಾವಿಯ ಬಳಿಯಲ್ಲಿಯೇ ಕನ್ನಡದಲ್ಲಿ ಬರೆದು, ಬಣ್ಣದ ಗುರುತನ್ನೂ ಹಾಕಿಸಬೇಕು. ಮೂರನೆಯದಾಗಿ, ನೀರಿನ ಗುಣವು ಕಾಲಕಾಲಕ್ಕೆ ಬದಲಾಗುವುದರಿಂದ ಒಂದು ಸಾರಿಯ ಪರೀಕ್ಷೆಯಲ್ಲಿ ತೃಪ್ತರಾಗದೆ, ನಿಯತಕಾಲದಲ್ಲಿ ಮತ್ತೆ ಮತ್ತೆ ಪರೀಕ್ಷಿಸಬೇಕು. ಚಿನ್ನದ ಶಿಲಾಪಟ್ಟಿಗಳ ಸೀಮೆಯಲ್ಲಿ ಖಾಸಗಿ ಬಾವಿಗಳನ್ನೂ ಬಿಡಬಾರದು. ನಾಲ್ಕನೆಯದಾಗಿ, ದೋಷವು ಕಂಡುಬಂದ ಊರಿಗೆ ಬೇರೆ ನೀರನ್ನು ಒದಗಿಸುವುದಕ್ಕೆ ಗಡುವನ್ನು ನಿಶ್ಚಯಿಸಿ, ಅದನ್ನು ನಡೆಸಬೇಕಾದ ಅಧಿಕಾರಿಯ ಹುದ್ದೆಯನ್ನು ಪ್ರಕಟಿಸಬೇಕು. ೨೦೧೯ರಲ್ಲಿ ಆರಂಭವಾದ ಜಲ ಜೀವನ ಯೋಜನೆಯ ನಿಯಮಗಳಲ್ಲಿ ಪಾಷಾಣ, ಫ್ಲೋರೈಡುಗಳಿಂದ ಪೀಡಿತವಾದ ಗ್ರಾಮಗಳಿಗೆ ಆದ್ಯತೆಯನ್ನು ವಿಧಿಸಿದ್ದಾರೆ. ನಿಯಮವು ಉತ್ತಮವೇ, ಅದು ಕಾಗದದಿಂದ ಕೊಡಕ್ಕೆ ಇಳಿಯಬೇಕು.

ಪಟ್ಟಣದ ವಿದ್ಯಾವಂತರಿಗೂ ನಮ್ಮದೊಂದು ಮಾತುಂಟು. ನೀರನ್ನು ಕುದಿಸಿದರೆ ಎಲ್ಲ ದೋಷವೂ ಹೋಗುವುದೆಂಬ ನಂಬಿಕೆ ಬಲವಾಗಿದೆ. ರೋಗಾಣುಗಳ ವಿಷಯದಲ್ಲಿ ಅದು ನಿಜ. ಪಾಷಾಣದ ವಿಷಯದಲ್ಲಿ ನೀರು ಆವಿಯಾಗಿ ಹೋಗಿ ವಿಷವು ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೂ ಕರಗಿದ ಪಾಷಾಣವು ಹೋಗದು. ಮನೆಯ ಕೊಳವೆ ಬಾವಿಯ ನೀರನ್ನು ಕುಡಿಯುವವರು ಅದನ್ನು ಪ್ರಯೋಗಶಾಲೆಗೆ ಕಳುಹಿಸಿ ಪರೀಕ್ಷಿಸಿಕೊಳ್ಳುವುದು ಲೇಸು. ಹಳ್ಳಿಯ ನಂಟರಿಗೂ ಇದನ್ನು ತಿಳಿಸುವುದು ಅವರ ಧರ್ಮ. ವೈದ್ಯರು ಅಂಗೈಯ ಗಂಟುಗಳನ್ನು ಕಂಡಾಗ ಮುಲಾಮನ್ನು ಬರೆದುಕೊಡುವುದಕ್ಕೆ ಮುಂಚೆ, ಯಾವ ಬಾವಿಯ ನೀರನ್ನು ಕುಡಿಯುತ್ತೀರಿ ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಕಲಕತ್ತೆಯಲ್ಲಿ ಒಬ್ಬ ವೈದ್ಯರು ಈ ಕಾರಣವನ್ನು ಹುಡುಕಿದ್ದರಿಂದಲೇ ಒಂದು ನಾಡಿನ ಕಣ್ಣು ತೆರೆಯಿತು.

ಬಂಡೆಯನ್ನು ನಾವು ಬದಲಾಯಿಸಲಾರೆವು. ಹಿಮಾಲಯದ ಮರಳನ್ನೂ ಸುರಪುರದ ಶಿಲೆಯನ್ನೂ ತೊಳೆಯಲಾರೆವು. ಆದರೆ ಒಂದು ಸೀಸೆಯಲ್ಲಿ ನೀರನ್ನು ತುಂಬಿ ಪರೀಕ್ಷಿಸಿ ನೋಡುವುದು ಮನುಷ್ಯನ ಕೈಯಲ್ಲಿದೆ. ಅಷ್ಟನ್ನೂ ಮಾಡದೆ ಇದು ಪ್ರಕೃತಿಯ ದೋಷವೆಂದು ಹೇಳುವ ಅಧಿಕಾರವು ಯಾವ ಸರಕಾರಕ್ಕೂ ಇಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಸಂಬಂಧಪಟ್ಟ ಅಧಿಕಾರಿಗಳು ಈ ವಿಷಯದಲ್ಲಿ ಶೀಘ್ರವಾಗಿ ಗಮನವಿಟ್ಟು, ಮುಂದಿನ ಬೇಸಗೆಯಲ್ಲಿ ಹೊಸ ಬಾವಿಗಳನ್ನು ಕೊರೆಯಿಸುವುದಕ್ಕೆ ಮುಂಚಿತವಾಗಿಯೇ ಪರೀಕ್ಷೆಯ ವ್ಯವಸ್ಥೆಯನ್ನು ಏರ್ಪಡಿಸುವರೆಂದು ನಂಬುತ್ತೇವೆ.